ತವರಿಗೆ ಹೋಗದ ಮೋಟಾರು

ಬನ್ನಿ, ಎಲ್ಲರೂ ಗೋಡೆಗೆ ಒರಗಿ ಕಾಲು ಚಾಚಿ ಕೂತುಕೊಳ್ಳಿ. ಆ ಶೇಂಗಾ ಮೊರ ನಡುವೆ ಇಡಿ, ಸುಲಿಯುತ್ತಾ ಕೇಳಿ. ಕೈಗೆ ಕೆಲಸ ಇಲ್ಲದವರು ಕತೆ ನಡುವೆ ಬಾಯಿ ಹಾಕುತ್ತಾರೆ. ನಿಮಗೆ ಗಾಡಿ ಅಂದರೆ ಹತ್ತುವುದು, ಇಳಿಯುವುದು, ಅಷ್ಟೇ. ನಮ್ಮ ಕಾಲದಲ್ಲಿ ಹಂಗಲ್ಲ. ಒಂದು ಮನೆಗೆ ಮೋಟಾರು ಬಂತು ಅಂದರೆ ಅವತ್ತಿನಿಂದ ಆ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತಿತ್ತು. ನಮ್ಮ ಮನೆಯಲ್ಲಂತೂ ಒಂದು ಫಜೀತಿ ಹೊಸ್ತಿಲು ದಾಟುವ ಮೊದಲೇ ಇನ್ನೊಂದು ಬಂದು ಜಗುಲಿ ಮೇಲೆ ಕೂತಿರುತ್ತಿತ್ತು.

ತಾರೀಕು ಕೇಳಬೇಡಿ, ನಾನು ಸ್ಲೇಟು ಹಿಡಿದವಳಲ್ಲ. ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ ಅಂತ ಇಟ್ಟುಕೊಳ್ಳಿ.

೧. ಬೇರೆಯವರ ಮೋಟಾರಿನಲ್ಲಿ ಕೂತದ್ದು

ನಿಮ್ಮ ತಾತ ಬೆಂಗಳೂರು ಪೇಟೆಯಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದರು. ಹನ್ನೆರಡು ವರ್ಷ ಅಲ್ಲಿದ್ದೆವು. ಆ ಹನ್ನೆರಡು ವರ್ಷವೂ ನಾನು ನಡೆದೆ. ಮಾರ್ಕೆಟ್ಟಿಗೆ ನಡೆದೆ, ಆಸ್ಪತ್ರೆಗೆ ನಡೆದೆ, ಮದುವೆ ಮನೆಗೂ ನಡೆದೇ ಹೋಗಿ ಊಟದ ಎಲೆ ಎತ್ತುವ ಹೊತ್ತಿಗೆ ಮುಟ್ಟಿದೆ. ನನ್ನ ತವರು ಬಿಳಿಚೋಡು, ಜಗಳೂರು ದಾರಿಯಲ್ಲಿ. ಬೆಂಗಳೂರಿನಿಂದ ಅಲ್ಲಿಗೆ ರೈಲು, ಬಸ್ಸು, ಎತ್ತಿನಗಾಡಿ, ಎಲ್ಲಾ ಹತ್ತಿ ಇಳಿಯಬೇಕು. ಹಂಗಾಗಿ ಹೋದದ್ದು ಮೂರೇ ಸಲ. ಮೂರನೇ ಸಲ ಹೋದಾಗ ನಮ್ಮವ್ವ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದಳು, "ಕಣ್ಣಿಗೆ ಪೊರೆ ಬರಾಕೆ ಹತ್ತೈತೆ ಮಗಳೇ. ಕಣ್ಣು ಪೂರಾ ಹೋಗೋದ್ರಾಗೆ ನೀನು ನಿನ್ನ ಗಂಡನ ಸ್ವಂತ ಮೋಟಾರಿನಾಗೆ ಬಂದು ನಮ್ಮ ಬಾಗಿಲಾಗೆ ಇಳಿಯೋದು ನೋಡ್ಬೇಕು."

ಅವತ್ತಿನಿಂದ ನನಗೆ ಕೂತಲ್ಲಿ ಕೂರುವುದಕ್ಕೆ ಆಗುತ್ತಿರಲಿಲ್ಲ. ಅಂಗಾಲು ಕಡಿಯುತ್ತಿತ್ತು. ರಸ್ತೆಯಲ್ಲಿ ಮೋಟಾರು ಕಂಡರೆ ನಿಂತು ಬಗ್ಗಿ ನೋಡುತ್ತಿದ್ದೆ.

ಒಂದು ದಿನ ಇವರ ಅಂಗಡಿ ಮುಂದೆ ಒಂದು ಕರೀ ಮೋಟಾರು ನಿಂತಿತ್ತು. ಒಳಗೆ ಯಾರೂ ಇಲ್ಲ. ಕಿಟಕಿಯಲ್ಲಿ ಕೈ ತೂರಿಸಿ ಸೀಟು ಒತ್ತಿ ನೋಡುತ್ತಿದ್ದೆ. ಹಿಂದಿನಿಂದ ಯಾರೋ ಕೋಟು ಹಾಕಿದವರು ಕೆಮ್ಮಿದರು. ಯಜಮಾನ! ಆದರೂ ಸುಮ್ಮನಿರಲಿಲ್ಲವಲ್ಲ ಈ ಬಾಯಿ! "ನಮ್ಮನೇರೂ ಒಂದು ತಗಳಾಕೆ ನೋಡ್ತಾ ಅದಾರೆ ಸ್ವಾಮಿ. ಮೆತ್ತಗೈತಾ ಅಂತ ಪರೀಕ್ಷೆ ಮಾಡಿದೆ" ಅಂದೆ. ಅವರು ನಕ್ಕು, ಬಾಗಿಲು ತೆಗೆದು, "ಹಾಗಾದರೆ ಕೂತೇ ನೋಡಿ ತಾಯಿ" ಅಂದರು. ಕೂತೇಬಿಟ್ಟೆ.

ಅಷ್ಟರಲ್ಲಿ ಇವರು ಕೈಯಲ್ಲಿ ಎಣ್ಣೆ ಡಬ್ಬಿ ಹಿಡಿದು ಆಚೆ ಬಂದರು. ಹೆಂಡತಿ ಪರರ ಮೋಟಾರಿನಲ್ಲಿ ಮಹಾರಾಣಿ ಹಂಗೆ ಕೂತಿದ್ದಾಳೆ!

"ಏನೇ ಇದು? ಇಳಿಯೇ ಕೆಳಗೆ!"

"ಸ್ವಲ್ಪ ತಡೀರಿ, ಇನ್ನೂ ಸೀಟು ಬೆಚ್ಚಗಾಗಿಲ್ಲ" ಅಂದೆ.

೨. ಸುಳಿ ನೋಡಿದ ಮಾವ

ಆಮೇಲೆ ಮಿಷನ್ ಕಂಪನಿಯವರು ಇವರಿಗೆ ಈ ಕಡೆಯ ಊರುಗಳ ಕೆಲಸ ಕೊಟ್ಟರು. ಚನ್ನಗಿರಿಯಲ್ಲಿ ಮನೆ. ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿ ದರ್ಜಿಯ ಮಿಷನ್ ಕೆಟ್ಟರೂ ಇವರು ಹೋಗಬೇಕು. ಅದಕ್ಕೆಂದೇ ಒಬ್ಬ ಮುದುಕ ಡಾಕ್ಟರು ಓಡಿಸಿ ಬಿಟ್ಟ ಮೋಟಾರನ್ನು ಕೊಳ್ಳುವುದು ಅಂತಾಯಿತು. ಇವರು ಮೋಟಾರಿನ ಎಂಜಿನ್ನಿಗೆ ಕಿವಿ ಕೊಟ್ಟು ಕೇಳಿ, "ಹೊಲಿಗೆ ಸರಿಯಾಗಿ ಬೀಳ್ತೈತೆ" ಅಂದರು. ಅವರಿಗೆ ಲೋಕದಲ್ಲಿ ಇರುವುದು ಒಂದೇ ಮಿಷನ್ನು.

ಆದರೆ ಹಿರಿಯರನ್ನು ಕೇಳದೆ ತರುವುದು ಹೆಂಗೆ? ಕತ್ತಲಗೆರೆಯಿಂದ ಇವರ ಸೋದರಮಾವನನ್ನು ಕರೆಸಿದೆವು. ಎತ್ತು ಕೊಳ್ಳುವಾಗ ಮೈಮೇಲಿನ ಕೂದಲಿನ ಸುಳಿ ನೋಡಿ ಗುಣ ಹೇಳುವುದರಲ್ಲಿ ಆ ಸೀಮೆಯಲ್ಲೇ ಹೆಸರುವಾಸಿ. ಮಾವ ಬಂದವರೇ ಕಂಬಳಿ ಹೆಗಲಿಗೆ ಏರಿಸಿ ಮೋಟಾರಿನ ಸುತ್ತ ಮೂರು ಸುತ್ತು ಹಾಕಿದರು. ಬೆನ್ನು ತಟ್ಟಿದರು. ಚಕ್ರ ಎತ್ತಿ ಗೊರಸು ನೋಡುವುದಕ್ಕೆ ಹೋದರು, ಅದು ಏಳಲಿಲ್ಲ. ಮುಂದಿನ ಜಾಲರಿ ನೋಡಿ, "ಹಲ್ಲೆಲ್ಲ ಬಂದೈತೆ, ವಯಸ್ಸಾಗೈತಪ್ಪ ಅಳಿಯ" ಅಂದರು. ಕೊನೆಗೆ ಬಲಗಡೆ ಮಡ್‌ಗಾರ್ಡಿನ ಹತ್ತಿರ ಬಗ್ಗಿ ನಿಂತುಬಿಟ್ಟರು. ಯಾವುದೋ ಮರಕ್ಕೆ ಉಜ್ಜಿ ಬಿದ್ದ ಗೀರು, ಬಸವನಹುಳದ ಹಂಗೆ ಸುತ್ತಿಕೊಂಡಿತ್ತು.

"ಸುಳಿ ಐತೆ."

"ಎಂಥ ಸುಳಿ ಮಾವ?" ಅಂದೆ ನಾನು.

"ಎಡಕ್ಕೆ ತಿರುಗೈತೆ. ದುಡಿತೈತೆ, ಹಾಯಲ್ಲ, ಒದೆಯಲ್ಲ. ಒಂದೇ ದೋಷ. ಯಜಮಾನನ ಹೆಂಡ್ತಿ ತವರಿಗೆ ಮಾತ್ರ ಇದು ಹೋಗಂಗಿಲ್ಲ."

ಇವರು ತಿರುಗಿ ಮಾವನ ಕಾಲಿಗೆ ಬಿದ್ದರು. "ಇಂಥದ್ದನ್ನೇ ನಾನು ಹನ್ನೆರಡು ವರ್ಷದಿಂದ ಹುಡುಕ್ತಿದ್ದೆ ಮಾವ" ಅಂದು ಅವತ್ತೇ ಮನೆಗೆ ತಂದುಬಿಟ್ಟರು.

೩. ಸೇರು ಒದ್ದ ಸೊಸೆ

ನಾನು ಬಿಡುವವಳಾ? ಟ್ರಂಕು ತುಂಬಿ ಬಾಗಿಲ ಪಕ್ಕ ಇಟ್ಟೆ. ಅವ್ವನಿಗೆ ಒಂದು ಇಳಕಲ್ ಸೀರೆ, ಒಂದು ಡಬ್ಬಿ ಶೇಂಗಾ ಉಂಡೆ. "ಮೊದಲನೇ ಸವಾರಿ ಬಿಳಿಚೋಡಿಗೆ" ಅಂತ ಇವರ ಕೈಯಿಂದ ದೇವರ ಮುಂದೆ ದೀಪ ಮುಟ್ಟಿಸಿ ಮಾತು ತೆಗೆದುಕೊಂಡೆ.

ಬೆಳಗಾದರೆ ಹೊನ್ನಾಳಿಯಲ್ಲಿ ಇವರು ಹುಟ್ಟಿದ ಮನೆಯಲ್ಲೇ ಇದ್ದ ಇವರ ಅಕ್ಕನ ಕಡೆಯಿಂದ ಆಳು ಬಂದ. "ಹುಟ್ಟಿದ ಮನೆಗೆ ಮೋಟಾರು ತೋರಿಸದೆ ಹೆಂಡ್ತಿ ಮನೆಗೆ ತಗೊಂಡು ಹೋಗ್ತಾನಂತಾ? ಹಂಗಾದ್ರೆ ನಾನು ಸತ್ತೆ ಅಂತ ತಿಳ್ಕೊಳ್ಳಿ" ಅಂತ ಹೇಳಿ ಕಳಿಸಿದ್ದಳು. ದೇವರಿಗಿಂತ ಅಕ್ಕ ದೊಡ್ಡವಳು. ಮೋಟಾರಿನ ಮೂತಿ ಹೊನ್ನಾಳಿ ಕಡೆಗೆ ತಿರುಗಿತು.

ಅಲ್ಲಿ ಹೋದರೆ ಅಂಗಳಕ್ಕೆ ಸಾರಿಸಿ ರಂಗೋಲಿ. ತಲೆಬಾಗಿಲ ಹೊಸ್ತಿಲ ಕೆಳಗೆ ಹಿತ್ತಾಳೆ ಸೇರಿನ ತುಂಬ ಅಕ್ಕಿ.

"ಇದೇನಕ್ಕ?"

"ಮನೆಗೆ ಹೊಸದಾಗಿ ಬರೋ ಹೆಣ್ಣು ಸೇರು ಒದ್ದು ಬರ್ಬೇಕಲ್ಲೇನೇ? ಬಲಗಾಲಾಗೆ ಒದೀಲಿ. ಗಟ್ಟಿಯಾಗಿ ಬಾಳ್ತೈತೆ."

ಮೋಟಾರಿನ ಬಲಗಾಲು ಯಾವುದು ಅಂತ ಜಗಳ ಶುರುವಾಯಿತು. ಅಕ್ಕ ಮುಂದಿನ ಬಲ ಚಕ್ರ ಅಂದಳು. ಇವರು ಮಿಷನ್ ತಿಳಿದವರಲ್ಲವೇ, "ಮುಂದಿನವು ಕೈ ಕಣಕ್ಕ. ಎಂಜಿನ್ನು ತಿರುಗಿಸೋದು ಹಿಂದಿನ ಚಕ್ರಾನ. ಅದೇ ಕಾಲು" ಅಂದರು.

"ಹಂಗಾದ್ರೆ ಹಿಂದಿನ ಕಾಲಾಗೇ ಒದೀಲಿ."

"ಹಿಂದಿನ ಕಾಲು ಮೊದಲು ಬರ್ಬೇಕಾದ್ರೆ ಹಿಂದೆ ಹಿಂದೆ ಬರ್ಬೇಕು."

"ಅಯ್ಯೋ! ಬೆನ್ನು ತೋರಿಸ್ಕೊಂಡು ಬರೋ ಸೊಸೆ ನನ್ನ ತಮ್ಮನ ಮನೆಗ್ಯಾಕೆ? ಕೈಯಾಗೇ ಒದೀಲಿ ಬಿಡು!"

ಇವರು ಮುಂದೆ ಬಿಟ್ಟರು. ಮೆಲ್ಲಗೆ ಮುಟ್ಟಿಸಿ ನಿಲ್ಲಿಸಬೇಕು ಅಂತಿತ್ತು. ಕಟ್ ಅಂತ ಸದ್ದು. ಅಕ್ಕಿ ಅಂಗಳದ ತುಂಬ. ಸೇರು ಮಾತ್ರ ತಟ್ಟೆಯೂ ಅಲ್ಲ, ಲೋಟವೂ ಅಲ್ಲ ಅನ್ನುವ ಹಂಗೆ ಚಪ್ಪಟೆ.

ನಾನು ಮೆತ್ತಗೆ, "ಒದ್ದದ್ದು ಆಯ್ತಲ್ಲಕ್ಕ, ನಾಳೆ ಬಿಳಿಚೋಡಿಗೆ ಹೊರಡ್ತೀವಿ" ಅಂದೆ. ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಬಂದ ಮಾರನೇ ದಿನ ಯಾವ ಹೊಸ ಸೊಸೇನ ತವರಿಗೆ ಕಳಿಸ್ತಾರೆ? ಐದು ದಿನ ಇರ್ಲಿ."

ಐದು ದಿನ ಆ ಊರಿನ ಜನರೆಲ್ಲ ಬಂದು ಮೋಟಾರಿಗೆ ಕುಂಕುಮ ಹಚ್ಚಿ, ನನ್ನ ಡಬ್ಬಿಯ ಉಂಡೆ ತಿಂದು ಹೋದರು. ನಾನು ಜಗುಲಿಯ ಈ ತುದಿಯಿಂದ ಆ ತುದಿಗೆ ನಡೆದು ನಡೆದು ಅಲ್ಲೇ ಬಿಳಿಚೋಡು ಮುಟ್ಟಿದ್ದೆ.

ಅಕ್ಕ ಆ ಚಪ್ಪಟೆ ಸೇರನ್ನು ಎಸೆಯಲಿಲ್ಲ ನೋಡಿ. ಜೋಪಾನವಾಗಿ ಒಳಗಿಟ್ಟಳು. ಯಾರಾದರೂ ನೆರೆಯವರು ಅಕ್ಕಿ ಕಡ ಕೇಳುವುದಕ್ಕೆ ಬಂದರೆ ಅದರಲ್ಲೇ ಅಳೆದು ಕೊಡುತ್ತಿದ್ದಳು!

೪. ಮುಖ್ಯವಾದ ಸಾಮಾನು

ಚನ್ನಗಿರಿಗೆ ವಾಪಸು ಬಂದರೆ ಬಿಳಿಚೋಡಿನ ಕುರಿ ವ್ಯಾಪಾರದವರು ಅವ್ವನ ಸುದ್ದಿ ತಂದಿದ್ದರು. "ಒಂದು ಕಣ್ಣು ಪೂರಾ ಹೋಯ್ತಂತೆ. ಇನ್ನೊಂದರಾಗೆ ಬೆಳಕು ನೆರಳು ಅಷ್ಟೇ ಅಂತೆ. ಬರೋದಾದ್ರೆ ಬೇಗ ಬಾ ಅಂದ್ಲು." ಮತ್ತೆ ಉಂಡೆ ಕಟ್ಟಿದೆ, ಮತ್ತೆ ಟ್ರಂಕು ಬಾಗಿಲಿಗೆ ತಂದೆ. "ಸೋಮವಾರ ಖಂಡಿತ ಬರ್ತೀನಿ ಅಂತ ಹೇಳಿ" ಅಂತ ಅವರ ಕೈಯಲ್ಲೇ ಹೇಳಿ ಕಳಿಸಿದೆ. ಇವರಿಗೆ ಬಿಡುವು ಇದ್ದದ್ದು ಸೋಮವಾರ ಒಂದೇ.

ಪಂಚಾಂಗ ನೋಡುವ ಅಯ್ಯನವರನ್ನು ಕೇಳಿದರೆ, "ಸೋಮವಾರ ಮೂಡಲಿಗೆ ಶೂಲ ಐತಲ್ಲಮ್ಮ, ಆ ಕಡೆ ಹೊರಡಬಾರ್ದು" ಅಂದರು. ಬಿಳಿಚೋಡು ಇರುವುದು ಮೂಡಲಿಗೇ. ನನ್ನ ಮುಖ ನೋಡಿ ಅವರೇ ದಾರಿ ಹೇಳಿದರು. "ಭಾನುವಾರವೇ ಪರಸ್ಥಾನ ಇಟ್ಟುಬಿಡಿ. ಪ್ರಯಾಣಕ್ಕೆ ಮುಖ್ಯವಾದ ಸಾಮಾನು ಗಂಟು ಕಟ್ಟಿ ಮೂಡಲ ಕಡೆ ಮನೆಯಾಗೆ ಇಡಿ. ಅಲ್ಲಿಗೆ ನೀವು ಅವತ್ತೇ ಹೊರಟಂಗೆ. ಮಾರನೇ ದಿನ ಆ ಗಂಟು ಎತ್ಕೊಂಡು ಹೋಗಿ."

ಭಾನುವಾರ ಗಂಟು ಕಟ್ಟಿದೆ. ಸೀರೆ, ಉಂಡೆ ಡಬ್ಬಿ, ಎಲೆ ಅಡಿಕೆ. ಮುಖ್ಯವಾದ ಸಾಮಾನು ಅಂದಿದ್ದಾರಲ್ಲ, ಯೋಚನೆ ಮಾಡಿ ಮಾಡಿ ಇನ್ನೂ ಒಂದು ಸೇರಿಸಿದೆ. ಮೂಡಲ ಕಡೆಯ ಮನೆ ಪೋಸ್ಟ್ ಮಾಸ್ತರದು. ಅವರ ಹೆಂಡತಿ ಗಂಟನ್ನು ದೇವರ ಕೋಣೆಯಲ್ಲೇ ಇಟ್ಟಳು.

ಸೋಮವಾರ ಬೆಳಗ್ಗೆ ಇವರು ಟೊಪ್ಪಿಗೆ ಹಾಕಿಕೊಂಡು ಮೋಟಾರಿನ ಮುಂದೆ ಬಗ್ಗಿದರು. ಆಗಿನ ಮೋಟಾರು ಹೊರಡಬೇಕಾದರೆ ಮುಂದಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು.

"ಹ್ಯಾಂಡಲ್ ಎಲ್ಲೇ?"

"ಪರಸ್ಥಾನದಾಗೆ."

"ಯಾಕೆ?!"

"ಪ್ರಯಾಣಕ್ಕೆ ಮುಖ್ಯವಾದ್ದು ಇಡಿ ಅಂದ್ರು. ಅದಕ್ಕಿಂತ ಮುಖ್ಯ ಯಾವುದೈತೆ ಹೇಳ್ರಿ?"

ಸರಿ, ತರೋಣ ಅಂತ ಪೋಸ್ಟ್ ಮಾಸ್ತರ ಮನೆಗೆ ಹೋದರೆ ಬಾಗಿಲಿಗೆ ಇಷ್ಟು ದೊಡ್ಡ ಬೀಗ. ನ್ಯಾಮತಿಯಲ್ಲಿ ಅವರ ಮಗಳಿಗೆ ಹೆರಿಗೆ ನೋವು ಬಂತು ಅಂತ ಮೊದಲನೇ ಬಸ್ಸಿಗೇ ಗಂಡ ಹೆಂಡತಿ ಹೋಗಿಬಿಟ್ಟಿದ್ದರು. ಬೀಗ ಒಡೆಯೋಣ ಅಂದರೆ ಪರರ ಮನೆ. ಮೋಟಾರು ನೂಕೋಣ ಅಂದರೆ ಪರಸ್ಥಾನ ಬಿಟ್ಟು ಹೊರಡುವ ಹಂಗಿಲ್ಲ.

ಇವರು ಬಸ್ಸು ಹಿಡಿದು ನ್ಯಾಮತಿಗೆ ಹೋದರು. ಅಲ್ಲಿ ಆಗಷ್ಟೇ ಗಂಡು ಮಗು ಹುಟ್ಟಿತ್ತು. "ಶುಭ ಗಳಿಗೆಯಾಗೆ ಬಂದೀರಿ" ಅಂತ ಬಿಡಲೊಲ್ಲರು. ಬೆಲ್ಲ ತಿನ್ನಿಸಿದರು, ಊಟಕ್ಕೆ ಕೂರಿಸಿದರು, ಆ ಊರಿನ ದರ್ಜಿಯ ಎರಡು ಮಿಷನ್ನನ್ನೂ ರಿಪೇರಿ ಮಾಡಿಸಿಕೊಂಡರು. ಇವರು ಬೀಗದ ಕೈ ಹಿಡಿದು ಬಂದದ್ದು ಬುಧವಾರ. ಗಂಟು ಬಿಚ್ಚಿದರೆ ಹ್ಯಾಂಡಲ್ ಇತ್ತು, ಸೀರೆ ಇತ್ತು, ಉಂಡೆ ಜಾಗದಲ್ಲಿ ಇರುವೆ.

"ನಿನ್ನ ಪರಸ್ಥಾನ ಫಲಿಸ್ತು ಬಿಡು, ಭಾನುವಾರವೇ ಪ್ರಯಾಣ ಶುರುವಾಗಿತ್ತು. ನನ್ನದು, ನ್ಯಾಮತಿಗೆ!" ಅಂದರು.

ನನಗೆ ನಗು ಬರಲಿಲ್ಲ ಅವತ್ತು. ಸೋಮವಾರ ಇಡೀ ದಿನ ಅವ್ವ ಬಾಗಿಲಲ್ಲಿ ನಿಂತಿದ್ದಳಂತೆ.

೫. ನಿಲ್ಲದೆ ಹೋದ ಊರು

ಮುಂದಿನ ಸೋಮವಾರ ಶೂಲವೂ ಬೇಡ, ಮೂಲವೂ ಬೇಡ ಅಂತ ಹೊರಟೇಬಿಟ್ಟೆವು. ಹೊರಡುವ ಹೊತ್ತಿಗೆ ಜಗಳೂರಿನ ದರ್ಜಿಯಿಂದ ಹೇಳಿಕೆ ಬಂತು. ಮದುವೆ ಬಟ್ಟೆ ಅರ್ಧದಲ್ಲಿದೆ, ಮಿಷನ್ ಕೆಟ್ಟು ಕೂತಿದೆ. "ಬಿಳಿಚೋಡು ದಾಟಿದ ಮೇಲೇ ಜಗಳೂರು ಅಲ್ವಾ? ನಿನ್ನನ್ನ ಬಿಳಿಚೋಡಾಗೆ ಇಳಿಸಿ ಹೋಗ್ತೀನಿ" ಅಂದರು. ನನ್ನ ಜೀವ ಹಗುರಾಯಿತು. ಮೂರನೇ ಸಲದ ಉಂಡೆ ತೊಡೆಯ ಮೇಲೆ. ಅವಸರಕ್ಕೆ ಬೆಲ್ಲದ ಪಾಕ ಏರಿ ಉಂಡೆ ಗುಂಡಿನ ಹಂಗೆ ಗಟ್ಟಿಯಾಗಿದ್ದವು, ಇರಲಿ.

ದಾರಿಯಲ್ಲಿ ಮೋಟಾರು ನಾಲ್ಕು ಸಲ ನಿಂತಿತು. ನಾಲ್ಕು ಸಲವೂ ಇವರು ಹ್ಯಾಂಡಲ್ ತಿರುಗಿಸಿ ತಿರುಗಿಸಿ ರಟ್ಟೆ ಬಾತುಕೊಂಡಿತು. ಹಂಗಾಗಿ ಬಿಳಿಚೋಡಿನ ಬೇವಿನಮರ ಕಂಡಾಗ ಇವರು ಏನಂದರು ಗೊತ್ತಾ?

"ನಿಲ್ಲಿಸಿದ್ರೆ ಇದು ಮತ್ತೆ ಹೊರಡಂಗಿಲ್ಲ ಕಣೇ. ಮದುವೆ ಬಟ್ಟೆ. ಬರ್ತಾ ಇಳಿಯೋಣ."

"ರೀ! ಇದು ನನ್ನ ಊರು ಕಣ್ರೀ! ಅಗೋ ನಮ್ಮನೆ!"

"ಕಾಣ್ತೈತೆ."

ಅವ್ವ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದಳು. ಮೋಟಾರಿನ ಸದ್ದಿಗೆ ಮುಖ ಎತ್ತಿದಳು. ನಾನು ಕಿಟಕಿಯಲ್ಲಿ ಅರ್ಧ ಆಚೆ ಬಿದ್ದು, "ಅವ್ವಾ! ನಾನೇ ಕಣವ್ವಾ!" ಅಂತ ಕೂಗಿದೆ. ಆ ಎಂಜಿನ್ನಿನ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ? ಏನು ಮಾಡಬೇಕೋ ತೋಚದೆ ಉಂಡೆ ಗಂಟನ್ನಾದರೂ ಅವಳ ಕಡೆ ಎಸೆದೆ. ತಿರುಗಿ ನೋಡುವಷ್ಟರಲ್ಲಿ ಊರೇ ಧೂಳಿನಲ್ಲಿ ಮುಳುಗಿತ್ತು.

ಜಗಳೂರು ತನಕ ಬೈದೆ. ಅಲ್ಲಿ ಇವರು ಮಿಷನ್ ತಳಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟರು, ಗರಗರ ಅಂತ ಓಡಿತು. ಅಷ್ಟಕ್ಕೇ ನನ್ನನ್ನು ತವರು ದಾಟಿಸಿಕೊಂಡು ಹೋಗಿದ್ದು!

ಆ ದರ್ಜಿ ನನ್ನ ಕೆಂಪು ಮುಖ ನೋಡಿ ಸಮಾಧಾನ ಹೇಳಿದ. "ಬೇಜಾರು ಮಾಡ್ಕೋಬ್ಯಾಡ್ರಿ ಅಮ್ಮ. ತವರು ಎಲ್ಲೂ ಹೋಗಂಗಿಲ್ಲ."

"ತವರು ಹೋಗಲ್ಲಪ್ಪ" ಅಂದೆ. "ಹೋಗೋದು ನಾನೇ. ಅದರ ಮುಂದೇನೇ, ಜೋರಾಗಿ."

೬. ಸೋಮವಾರದ ಕೋಣ

ವಾಪಸು ಬರುವಾಗ ಬಿಳಿಚೋಡಿಗೆ ಇನ್ನು ಒಂದೇ ಮೈಲಿ. ಮೋಟಾರು ಎರಡು ಸಲ ಬಿಕ್ಕಿತು, ನಿಂತಿತು. ಹ್ಯಾಂಡಲ್ ಹಾಕಿದರೂ ಇಲ್ಲ. ಪೆಟ್ರೋಲು ಒಂದು ಹನಿ ಉಳಿದಿರಲಿಲ್ಲ. ಜಗಳೂರಲ್ಲಿ ಡಬ್ಬಿ ಸಿಕ್ಕೇ ಸಿಗುತ್ತದೆ ಅಂತ ನಂಬಿದ್ದರಂತೆ, ಅಂಗಡಿಯಲ್ಲಿ ಇರಲಿಲ್ಲವಂತೆ. ನನಗೆ ಹೇಳುವ ಧೈರ್ಯ ಇರಲಿಲ್ಲವಂತೆ.

"ನಡೆದೇ ಹೋಗೋಣ ಬಾ, ಒಂದು ಮೈಲಿ" ಅಂದರು.

"ನಡೆದು ಹೋಗಾಕೆ ಹನ್ನೆರಡು ವರ್ಷ ಕಾಯ್ಬೇಕಿತ್ತಾ? ನಾನು ಇಳಿಯಂಗಿಲ್ಲ. ಇಳಿದ್ರೆ ಅವ್ವನ ಬಾಗಿಲಾಗೇ" ಅಂತ ಸೀಟು ಹಿಡಿದು ಕೂತೆ.

ಇವರು ಪಕ್ಕದ ಹೊಲಗಳಿಗೆ ಹೋಗಿ ಎತ್ತು ಕೇಳಿದರು. ಎಲ್ಲರೂ ಕೈ ಮುಗಿದರು. "ಇವತ್ತು ಸೋಮವಾರ ಸ್ವಾಮಿ. ಬಸವಣ್ಣನ ದಿನ. ಎತ್ತಿನ ಹೆಗಲ ಮೇಲೆ ನೊಗ ಇಡಂಗಿಲ್ಲ." ನನ್ನ ಊರಿನ ನೇಮ, ನನಗೇ ಮರೆತಿತ್ತು. ಬೆಂಗಳೂರಿನಲ್ಲಿ ಸೋಮವಾರ ಅಂದರೆ ಅಂಗಡಿ ತೆಗೆಯುವ ದಿನ ಅಷ್ಟೇ ಆಗಿಹೋಗಿತ್ತು.

ಆಗ ಬಂದ ಒಬ್ಬ ಕಲ್ಲು ಬಂಡಿಯವನು. ಅವನ ಬಂಡಿಗೆ ಎರಡು ಕೋಣ. "ಕೋಣಕ್ಕೆ ಸೋಮವಾರ ಇಲ್ಲ ಸ್ವಾಮಿ, ಅವು ಬಸವಣ್ಣನ ಕಡೆಯವಲ್ಲ" ಅಂದ. ಯಾರ ಕಡೆಯವು ಅಂತ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೋಣಗಳನ್ನು ಬಂಡಿಯಿಂದ ಬಿಚ್ಚಿ ಮೋಟಾರಿಗೆ ಹಗ್ಗ ಬಿಗಿದರು. ಇವರು ಟೊಪ್ಪಿಗೆ ಸರಿ ಮಾಡಿಕೊಂಡು ಸ್ಟೀರಿಂಗ್ ಚಕ್ರ ಹಿಡಿದರು. ನಾನು ಸೆರಗು ಹೊದ್ದು ಹಿಂದೆ ಕೂತೆ. ಊರಿನ ಜನವೆಲ್ಲ ಎರಡೂ ಕಡೆ ನಿಂತು ನಕ್ಕರು. ನಗಲಿ, ನಾನು ಮೋಟಾರಿನಲ್ಲೇ ಬಂದೆ.

ಅವ್ವನ ಬಾಗಿಲು ಬಂತು. ಅವ್ವ ಕೈ ಮುಂದೆ ಚಾಚಿ ಮೆಟ್ಟಿಲಿಳಿದು ಬಂದಳು. ಕಣ್ಣಿಗೆ ಏನೂ ಕಾಣುತ್ತಿಲ್ಲ ಅಂತ ಆಗ ಗೊತ್ತಾಯಿತು. ಇಳಿಯೋಣ ಅಂದರೆ ಬಾಗಿಲು ಬಿಗಿದುಕೊಂಡು ತೆಗೆಯುವುದಕ್ಕೆ ಬರುತ್ತಿಲ್ಲ. ಅಷ್ಟರಲ್ಲಿ ಅವ್ವನ ಕೈ ಮುಂದಿದ್ದ ಕೋಣದ ಕೊಂಬಿಗೆ ತಾಗಿತು. ಕೊಂಬು ಸವರಿದಳು. ಹಣೆ ಸವರಿದಳು. ಅದು ಪುಸ್ ಅಂತ ಉಸಿರು ಬಿಟ್ಟಿತು. ಅವ್ವ ಕೈ ಹಿಂದಕ್ಕೆ ಎಳೆದುಕೊಂಡು ನೆಟ್ಟಗೆ ನಿಂತಳು.

"ಓ, ಬಂದ್ಯೇನಪ್ಪ ಯಮರಾಯ? ಬಂದದ್ದು ಬಂದೆ, ಅಲ್ಲೇ ಜಗುಲಿ ಮ್ಯಾಲೆ ಕೂತ್ಕೋ. ನನ್ನ ಮಗಳು ಮೋಟಾರಿನಾಗೆ ಬರ್ತೀನಿ ಅಂದಾಳೆ. ನೋಡ್ಕೊಂಡು ಬರ್ತೀನಿ."

ಕಲ್ಲು ಬಂಡಿಯವನು ಎರಡು ಹೆಜ್ಜೆ ಹಿಂದೆ ಸರಿದ. ನಾನು ಕಿಟಕಿಯಿಂದಲೇ ಧುಮುಕಿ ಅವಳನ್ನು ತಬ್ಬಿಕೊಂಡೆ. "ಅವ್ವಾ, ನಾನೇ ಕಣೆ, ಮೋಟಾರಿನಾಗೇ ಬಂದೀನಿ. ಇದು ಕೋಣ ಎಳೆಯೋ ಮೋಟಾರು!" ಅವ್ವ ನನ್ನ ಮುಖ ಸವರಿ ಮೊದಲು ಅತ್ತಳು, ಆಮೇಲೆ ದೂರು ಹೇಳಿದಳು. "ಮಧ್ಯಾಹ್ನ ಯಾರೋ ಮೋಟಾರಿನ ಪೋಲಿಗಳು ನನಗೆ ಗಂಟುಗಟ್ಟಲೆ ಕಲ್ಲು ಎಸೆದು ಹೋದ್ರು ಕಣೆ." ಉಂಡೆ ಅಂತ ನಾನು ಹೇಳಲಿಲ್ಲ, ಅವಳಿರುವ ತನಕವೂ.

ಅವ್ವನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಸೀಟು ಸವರಿದಳು, ಚಕ್ರ ಸವರಿದಳು, ಪಕ್ಕದಲ್ಲಿ ನಿಂಬೆಹಣ್ಣಿನ ಹಂಗಿದ್ದ ರಬ್ಬರ್ ಉಂಡೆ ಸಿಕ್ಕಿತು. "ಇದೇನಳಿಯಂದ್ರೆ?" ಅಂತ ಹಿಂಡಿದಳು.

ಪೋಂ!

ಕೋಣಗಳು ಜನ್ಮದಲ್ಲಿ ಹಾರ್ನಿನ ಸದ್ದು ಕೇಳಿರಲಿಲ್ಲ. ಕಿತ್ತವು ನೋಡಿ! ಮೋಟಾರು ಹಿಂದೆ, ಅವ್ವ ಒಳಗೆ, ಇವರು ಟೊಪ್ಪಿಗೆ ಕೈಯಲ್ಲಿ ಹಿಡಿದು, "ಬ್ರೇಕು! ಅತ್ತೇರೆ, ಬ್ರೇಕು!" ಅಂತ ಓಡುತ್ತಾ. ಅವ್ವನಿಗೆ ಬ್ರೇಕು ಅಂದರೆ ಏನು ಗೊತ್ತು? ಕೈಗೆ ಸಿಕ್ಕಿದ್ದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಸಿಕ್ಕಿದ್ದು ಅದೇ ಉಂಡೆ. ಪೋಂ, ಪೋಂ, ಪೋಂ! ಊರಿನ ಸಂದಿ ಎಲ್ಲಾ ಸುತ್ತಿ ಕೋಣಗಳು ಸೀದಾ ಕಟ್ಟೆಯ ನೀರಿಗೆ ಇಳಿದು, ಮಂಡಿಯೂರಿ, ಹಾಯಾಗಿ ಮಲಗಿಬಿಟ್ಟವು.

ನಾನು ಎದೆ ಬಡಿದುಕೊಂಡು ಓಡಿಹೋದರೆ, ಅವ್ವ ಮೊಣಕಾಲ ತನಕ ನೀರಿನಲ್ಲಿ, ಸೀಟಿನ ಮೇಲೆ ಕೂತು, ಹಾರಿದ ಕೂದಲು ಸರಿ ಮಾಡಿಕೊಳ್ಳುತ್ತಿದ್ದಾಳೆ.

"ಅವ್ವಾ, ಏನೂ ಆಗಿಲ್ವಾ?"

"ಎಂಥ ಸವಾರಿ ಮಗಳೇ! ಗಾಳಿಗೆ ಗಾಳಿ, ಕಾಲಿಗೆ ನೀರು. ಬೆಂಗಳೂರೋರು ಸುಮ್ಮನೆ ಕೊಳ್ಳಂಗಿಲ್ಲ ಬಿಡು." ಆಮೇಲೆ ಕೋಣಗಳ ಕಡೆ ಮುಖ ಮಾಡಿ, "ಯಮನ ಗಾಡೀನೇ ಕಟ್ಟೆ ಕಂಡ್ರೆ ಹಿಂಗೆ ಮಲಗಾದಾದ್ರೆ ನಾನ್ಯಾಕೆ ಅವಸರ ಮಾಡ್ಲಿ?" ಅಂದಳು.

ಮಾಡಲೂ ಇಲ್ಲ. ಆ ಕೋಣಗಳೂ ಹೋದವು, ಯುದ್ಧವೂ ಬಂದು ಹೋಯಿತು, ಅವ್ವ ಆಮೇಲೂ ಒಂಬತ್ತು ವರ್ಷ ಇದ್ದಳು. ಇವರು ಹೋದಾಗೆಲ್ಲ, "ಕೋಣ ಚೆನ್ನಾಗೈತಾ ಅಳಿಯಂದ್ರೆ?" ಅಂತ ಕೇಳುತ್ತಿದ್ದಳು. ಕತ್ತಲಗೆರೆ ಮಾವ ಸಾಯುವ ತನಕ ಊರೂರಲ್ಲಿ ಹೇಳಿಕೊಂಡು ತಿರುಗಿದರು, "ನನ್ನ ಸುಳಿ ಸುಳ್ಳಾಗಲಿಲ್ಲ. ಮೋಟಾರು ತವರಿಗೆ ಹೋಗಲಿಲ್ಲ, ಕೋಣ ಹೋದ್ವು." ಹೊನ್ನಾಳಿ ಅಕ್ಕನ ಚಪ್ಪಟೆ ಸೇರಿಗೆ ಅವಳ ಸೊಸೆಯರು ಆಸ್ತಿ ಭಾಗದ ದಿನ ಕೈಕೈ ಮಿಲಾಯಿಸಿ ಜಗಳವಾಡಿದರು. ಪರಸ್ಥಾನದ ದಿನ ನ್ಯಾಮತಿಯಲ್ಲಿ ಹುಟ್ಟಿದ ಆ ಕೂಸು ದೊಡ್ಡವನಾಗಿ ಬಸ್ಸಿನ ಡ್ರೈವರ್ ಆದ. ನಿಮ್ಮ ತಾತ ಕಡೇ ತನಕ ಹೊಲಿಗೆ ಮಿಷನ್ನನ್ನೇ ನಂಬಿದರು. ಯುದ್ಧದಲ್ಲಿ ಪೆಟ್ರೋಲು ಸಿಗದೆ ಮೋಟಾರು ಹಿತ್ತಲು ಸೇರಿತು, ಕೋಳಿಗಳು ಹಿಂದಿನ ಸೀಟಿನಲ್ಲಿ ಕಾವು ಕೂತವು. ಆ ರಬ್ಬರ್ ಉಂಡೆಯನ್ನು ಮಾತ್ರ ಅವ್ವ ಕಿತ್ತು ತರಿಸಿಕೊಂಡು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು.

ನಾನಾ? ನನ್ನದೇನು, ಇಲ್ಲೇ ಇದ್ದೀನಲ್ಲ. ಆ ಟ್ರಂಕು ನೋಡಿ, ಬಾಗಿಲ ಪಕ್ಕದಲ್ಲೇ ಐತೆ, ತುಂಬೇ ಐತೆ. ಕೋಣ ಬಂದ ದಿನಕ್ಕೆ ಅಂತ ಹ್ಯಾಂಡಲ್ ಕೂಡ ಅದರಾಗೇ ಐತೆ.